ಕಾಣದ ಕ್ರಿಸ್ತನ ಗುರುತು

ಯೇಸುಕ್ರಿಸ್ತನ ಚಿತ್ರವನ್ನು ನಮ್ಮ ಕಡೆ ನೋಡದವರು ಯಾರೂ ಇರಲಿಕ್ಕಿಲ್ಲ. 1890ರಲ್ಲಿ ಆದ ಬೇಳದ ಇಗರ್ಜಿಯ ಒಳಗೆ ಕಾಲಿಡದವರೂ ಕೂಡ ಕ್ರಿಸ್ತುವರ ಮನೆಯ ಚಾವಡಿಯಲ್ಲೋ, ಬಸ್ಸಿನ ಎದುರಿನ ಗಾಜಿನ ಮೇಲೋ, ಅಂಗಡಿಯ ಕ್ಯಾಲೆಂಡರಿನಲ್ಲೋ ನೋಡಿಯೇ ಇರ್ತಾರೆ. ಹೆಗಲಿಗೆ ಇಳಿದ ಕೂದಲು, ನಡುವೆ ಬೈತಲೆ, ಸಣ್ಣ ಗಡ್ಡ, ಶಾಂತವಾದ ಕಣ್ಣು. ಅಂಗನವಾಡಿಯ ಮಗು ಕೂಡ ‘ಯೇಸು’ ಅಂತ ಬೆರಳು ತೋರಿಸ್ತದೆ.

ಆದರೆ ಒಂದು ವಿಚಿತ್ರ ಸಂಗತಿ ಉಂಟು. ಕ್ರಿಸ್ತುವರ ನಾಲ್ಕು ಸುವಾರ್ತೆಗಳಲ್ಲಿ ಯೇಸುವಿನ ಮುಖ ಹೇಗಿತ್ತು ಎಂದು ಒಂದು ಮಾತೂ ಇಲ್ಲ. ಎತ್ತರದವನೋ ಗಿಡ್ಡನೋ, ಕಪ್ಪೋ ಬಿಳಿಯೋ, ಗಡ್ಡ ಇತ್ತೋ ಇಲ್ಲವೋ, ಬರೆದವರು ಹೇಳಲೇ ಇಲ್ಲ. ಅವನು ಏನು ಹೇಳಿದ, ಯಾರ ಜೊತೆ ಊಟ ಮಾಡಿದ, ಯಾರನ್ನು ಮುಟ್ಟಿ ಗುಣ ಮಾಡಿದ, ಹೇಗೆ ಸತ್ತ, ಇದೆಲ್ಲ ಉಂಟು. ಮುಖ ಮಾತ್ರ ಇಲ್ಲ. ಹಾಗಾದರೆ ಎರಡು ಸಾವಿರ ವರ್ಷ ಈ ಜನ ತಾವು ಕಾಣದವನನ್ನು ಗುರುತಿಸಿದ್ದು ಹೇಗೆ? ಈ ಲೇಖನದಲ್ಲಿ ಅದನ್ನು ಹೇಳಬೇಕು ಅಂತ ಇದ್ದೇನೆ.

ನಾನು ಏಳನೇ ಕ್ಲಾಸಿನವರೆಗೆ ಓದಿದವ. ತೋಟದ ಕೆಲಸ, ರಾತ್ರಿ ಭಜನೆ, ಹಾಡು, ಇದು ನನ್ನ ಬದುಕು. ಇನ್ನೊಬ್ಬರ ಧರ್ಮದ ಚರಿತ್ರೆ ನಿನಗೆ ಯಾಕೆ ಎಂದು ಯಾರಾದರೂ ಕೇಳಬಹುದು. ಕಾಣದ್ದನ್ನು ಗುರುತಿಸುವುದು ನಮಗೂ ಹೊಸ ಕೆಲಸ ಅಲ್ಲ, ಅದಕ್ಕೇ ಬರೆದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಜನ ನಾವು. ಯಕ್ಷಗಾನದಲ್ಲಿ ಕಿರೀಟದಲ್ಲಿ ನವಿಲುಗರಿ ಕಂಡ ಕೂಡಲೆ ‘ಕೃಷ್ಣ ಬಂದ’ ಅನ್ನುತ್ತೇವೆ. ವೇಷದ ಒಳಗೆ ಇರುವವ ನಿನ್ನೆ ನಮ್ಮ ಜೊತೆ ಗದ್ದೆಗೆ ಬಂದವ ಎಂದು ಗೊತ್ತಿದ್ದರೂ ಕೈ ತನ್ನಷ್ಟಕ್ಕೆ ಮುಗೀತದೆ. ಕೋಲದಲ್ಲಿ ಅಣಿ ಕಟ್ಟಿ ಗಗ್ಗರ ಇಟ್ಟ ಮೇಲೆ ಅಲ್ಲಿ ನಿಂತವನನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಹಾಗಾಗಿ ಈ ಕಥೆ ನಮಗೆ ಅರ್ಥ ಆಗುವಂಥದ್ದೇ.

ಮೊದಲು ಮೀನು, ಆಮೇಲೆ ಕುರುಬ

ಯೇಸು ಹುಟ್ಟಿದ್ದು ಯೆಹೂದಿ ಜನರಲ್ಲಿ. ದೇವರಿಗೆ ವಿಗ್ರಹ ಮಾಡಬಾರದು ಎಂಬುದು ಅವರ ಹತ್ತು ಆಜ್ಞೆಗಳಲ್ಲಿ ಒಂದು. ಮೊದಲ ಕ್ರಿಸ್ತುವರೂ ಅದೇ ಮನೆಯಿಂದ ಬಂದವರು. ಅದರ ಮೇಲೆ ರೋಮನ್ ಸರಕಾರದ ಹೆದರಿಕೆ. ಆಗಾಗ ಹಿಡಿದು ಕೊಲ್ಲುತ್ತಿದ್ದರು. ಹಾಗಾಗಿ ಮೊದಲಿಗೆ ಅವರು ಮುಖ ಬರೆಯಲಿಲ್ಲ, ಗುರುತು ಬರೆದರು.

ಆ ಗುರುತುಗಳಲ್ಲಿ ಹೆಸರಾದದ್ದು ಮೀನು. ಗ್ರೀಕ್ ಭಾಷೆಯಲ್ಲಿ ಮೀನಿಗೆ ‘ಇಕ್ಥೂಸ್’ ಅಂತಾರೆ. ಆ ಭಾಷೆಯಲ್ಲಿ ಅದು ಐದು ಅಕ್ಷರದ ಶಬ್ದ. ‘ಯೇಸು, ಕ್ರಿಸ್ತ, ದೇವರ, ಮಗ, ರಕ್ಷಕ’ ಎಂಬ ಐದು ಗ್ರೀಕ್ ಶಬ್ದಗಳ ಮೊದಲ ಅಕ್ಷರ ಸೇರಿಸಿದರೆ ಇದೇ ಆಗ್ತದೆ. ಹೊರಗಿನವನಿಗೆ ಅದು ಬರೇ ಮೀನು, ಒಳಗಿನವನಿಗೆ ಪೂರ್ತಿ ನಂಬಿಕೆ.

ರೋಮ್ ಪಟ್ಟಣದ ಹೊರಗೆ ನೆಲದ ಅಡಿಯಲ್ಲಿ ಸುರಂಗದ ಹಾಗೆ ತೋಡಿದ ಸ್ಮಶಾನಗಳು ಉಂಟು, ಕ್ಯಾಟಕೋಂಬ್ ಅಂತ ಹೆಸರು. ಅಲ್ಲಿನ ಗೋಡೆಗಳಲ್ಲಿ ಕ್ರಿಸ್ತಶಕ 200ರ ನಂತರದ ಚಿತ್ರಗಳು ಇವೆ. ಅದರಲ್ಲಿ ಒಬ್ಬ ಹರೆಯದ ಹುಡುಗ, ಗಡ್ಡ ಇಲ್ಲ, ಮೊಣಕಾಲಿನವರೆಗಿನ ಅಂಗಿ, ಹೆಗಲ ಮೇಲೆ ಒಂದು ಕುರಿ. ಅವನೇ ‘ಒಳ್ಳೆಯ ಕುರುಬ’. ತಪ್ಪಿಹೋದ ಕುರಿಯನ್ನು ಹುಡುಕುವ ಕುರುಬನ ಕಥೆ ಯೇಸು ಹೇಳಿದ್ದು, ಸುವಾರ್ತೆಯಲ್ಲಿ ಉಂಟು. ಸತ್ತವರನ್ನು ಮಲಗಿಸಿ ಬರುವಾಗ ಮನೆಯವರಿಗೆ ಆ ಚಿತ್ರ ಕಂಡರೆ ಸಾಕು, ನಮ್ಮವನನ್ನು ಅವನು ಹೊತ್ತುಕೊಂಡು ಹೋದ ಅಂತ ಧೈರ್ಯ. ಯೇಸು ಹೀಗೇ ಕಾಣ್ತಿದ್ದ ಅಂತ ಅವರು ಬರೆದದ್ದಲ್ಲ. ಅವನು ನಮಗೆ ಏನು ಆಗಬೇಕು ಅಂತ ಬರೆದದ್ದು.

ಸಿರಿಯಾ ದೇಶದಲ್ಲಿ ಯೂಫ್ರೆಟಿಸ್ ನದಿಯ ದಂಡೆಯಲ್ಲಿ ದೂರಾ ಯೂರೋಪೋಸ್ ಎಂಬ ಕೋಟೆ ಊರು ಇತ್ತು. ಅಲ್ಲಿ ಸುಮಾರು 240ರ ಹೊತ್ತಿಗೆ ಒಂದು ಸಾಮಾನ್ಯ ಮನೆಯನ್ನೇ ಪ್ರಾರ್ಥನೆಯ ಮನೆ ಮಾಡಿದ್ದರು. ಸುಮಾರು 256ರಲ್ಲಿ ಪಾರಸಿ ಸೈನ್ಯ ಮುತ್ತಿಗೆ ಹಾಕಿತು. ಕೋಟೆಗೋಡೆ ಬೀಳದಿರಲಿ ಅಂತ ರೋಮನ್ ಸೈನಿಕರು ಒಳಬದಿಗೆ ಮಣ್ಣು ಸುರಿದು ತುಂಬಿದರು. ಗೋಡೆಗೆ ತಾಗಿ ಇದ್ದ ಆ ಮನೆಯೂ ಮಣ್ಣಿನಡಿ ಹೋಯಿತು. ಊರೂ ಹಾಳಾಯಿತು. 1930ರ ನಂತರ ಅಗೆದವರಿಗೆ ಚಿತ್ರಗಳು ಹಾಗೇ ಸಿಕ್ಕಿದವು. ಒಂದರಲ್ಲಿ ಯೇಸು ನಡೆಯಲಾರದ ರೋಗಿಯ ಕಡೆ ಕೈ ಚಾಚಿದ್ದಾನೆ. ಮುಂದಿನ ಭಾಗದಲ್ಲಿ ಅದೇ ರೋಗಿ ತನ್ನ ಮಂಚವನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದಾನೆ. ಯೇಸುವಿನ ಮುಖ ನಾಲ್ಕು ಗೆರೆ ಅಷ್ಟೆ. ಗುರುತು ಸಿಗುವುದು ಮುಖದಿಂದ ಅಲ್ಲ, ಮಾಡಿದ ಕೆಲಸದಿಂದ.

ಮುಖ ಬಂತು

313ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲಕ್ಕೆ ಕ್ರಿಸ್ತುವರಿಗೆ ಸ್ವಾತಂತ್ರ್ಯ ಸಿಕ್ಕಿತು. ದೊಡ್ಡ ದೊಡ್ಡ ಇಗರ್ಜಿಗಳು ಎದ್ದವು. ಗೋಡೆ ತುಂಬ ಚಿತ್ರ ಬೇಕಾಯಿತು. ನಿಧಾನಕ್ಕೆ ಗಡ್ಡ, ಉದ್ದ ಕೂದಲು, ತಲೆಯ ಹಿಂದೆ ಪ್ರಭೆ, ಪ್ರಭೆಯೊಳಗೆ ಶಿಲುಬೆ, ಇದೆಲ್ಲ ಗಟ್ಟಿಯಾಯಿತು. ನಮ್ಮಲ್ಲಿ ಶಂಖ ಚಕ್ರ ಕಂಡರೆ ವಿಷ್ಣು, ಡಮರು ಕಂಡರೆ ಶಿವ ಅನ್ನುವ ಹಾಗೆ, ಪ್ರಭೆಯಲ್ಲಿ ಶಿಲುಬೆ ಕಂಡರೆ ಅದು ಕ್ರಿಸ್ತ.

ಈಜಿಪ್ಟಿನ ಸಿನಾಯ್ ಬೆಟ್ಟದ ಬುಡದಲ್ಲಿ ಸಂತ ಕ್ಯಾಥರೀನಳ ಹೆಸರಿನ ಮಠ ಉಂಟು. ಅಲ್ಲಿ 6ನೇ ಶತಮಾನದ ಒಂದು ಕ್ರಿಸ್ತನ ಚಿತ್ರ ಇದೆ. ಹಲಗೆಯ ಮೇಲೆ ಬಣ್ಣವನ್ನು ಕಾಯಿಸಿದ ಜೇನುಮೇಣದಲ್ಲಿ ಕಲಸಿ ಬರೆದದ್ದು. ಆ ಮುಖದ ಎರಡು ಬದಿ ಒಂದೇ ಹಾಗಿಲ್ಲ. ಒಂದು ಬದಿ ಸೌಮ್ಯ, ಇನ್ನೊಂದು ಬದಿ ಖಡಕ್ಕು, ಹುಬ್ಬು ಎತ್ತಿದ ಹಾಗೆ. ಕರುಣೆ ಒಂದು ಕಡೆ, ನ್ಯಾಯ ತೀರ್ಮಾನ ಇನ್ನೊಂದು ಕಡೆ ಅಂತ ಅದನ್ನು ವಿವರಿಸುತ್ತಾರೆ. ಒಂದೇ ಮುಖದಲ್ಲಿ ತಾಯಿಯನ್ನೂ ಪಂಚಾಯ್ತಿಕೆ ಮಾಡುವ ಯಜಮಾನನನ್ನೂ ನೋಡಿದ ಹಾಗೆ.

ಆದರೂ ನಿಜವಾದ ಮುಖ ಯಾವುದು ಎಂಬ ಹಂಬಲ ಜನರಿಗೆ ಹೋಗಲಿಲ್ಲ. ಅದಕ್ಕೆ ಐತಿಹ್ಯಗಳು ಹುಟ್ಟಿದವು. ಎಡೆಸ್ಸಾ ಎಂಬ ಊರಿನ ಅಬ್ಗರ್ ರಾಜ ರೋಗದಲ್ಲಿ ಬಿದ್ದಾಗ, ಯೇಸು ಬಟ್ಟೆಗೆ ಮುಖ ಒತ್ತಿ ಆ ಅಚ್ಚನ್ನು ಕಳಿಸಿದ ಎಂದು ಒಂದು ಕಥೆ. ಶಿಲುಬೆ ಹೊತ್ತು ಹೋಗುವಾಗ ವೆರೋನಿಕಾ ಎಂಬ ಹೆಂಗಸು ಅವನ ಬೆವರು ಒರೆಸಿದಳು, ಬಟ್ಟೆಯಲ್ಲಿ ಮುಖ ಮೂಡಿತು ಎಂದು ಇನ್ನೊಂದು. ಇವು ಸುವಾರ್ತೆಯಲ್ಲಿ ಇಲ್ಲ. ಜನ ಕಟ್ಟಿದ ಕಥೆಗಳು. ಹಾಡುವವನಿಗೆ ಗೊತ್ತು, ಜನ ಸುಮ್ಮನೆ ಕಥೆ ಕಟ್ಟುವುದಿಲ್ಲ. ಬೇಕು ಅನ್ನಿಸಿದ್ದು ಸಿಗದಾಗ ಕಟ್ತಾರೆ.

ಒಡೆಯಬೇಕೋ, ಇಡಬೇಕೋ

ಇನ್ನು ಬರುವುದು ದೊಡ್ಡ ಜಗಳ. ಇದರಲ್ಲಿ ಜೀವವೂ ಹೋದದ್ದುಂಟು.

8ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ, ಅಂದರೆ ಈಗಿನ ಇಸ್ತಾಂಬುಲಿನಲ್ಲಿ, ಮೂರನೇ ಲಿಯೋ ಚಕ್ರವರ್ತಿ ಆಳುತ್ತಿದ್ದ. ಚಿತ್ರಗಳಿಗೆ ದೀಪ ಇಟ್ಟು ಅಡ್ಡಬೀಳುವುದು ವಿಗ್ರಹಾರಾಧನೆ, ಇದರಿಂದ ದೇವರಿಗೆ ಕೋಪ ಬಂದಿದೆ ಎಂದು ಅವನ ಪಕ್ಷ. 730ರ ಹೊತ್ತಿಗೆ ಚಿತ್ರಗಳನ್ನು ತೆಗೆಸಿದ. ಅವನ ಮಗ ಐದನೇ ಕಾನ್‌ಸ್ಟಂಟೈನ್ 754ರಲ್ಲಿ ಬಿಷಪರ ಸಭೆ ಕರೆಸಿ ಅದನ್ನೇ ಕಾನೂನು ಮಾಡಿದ. ಹಲಗೆಗಳನ್ನು ಸುಟ್ಟರು, ಗೋಡೆಗೆ ಸುಣ್ಣ ಬಳಿದರು. ವಿರೋಧಿಸಿದ ಸನ್ಯಾಸಿಗಳಿಗೆ ಹೊಡೆತ, ಸೆರೆ, ಕೆಲವರಿಗೆ ಮರಣ.

ಒಡೆಯುವವರ ಮಾತಿನಲ್ಲೂ ಹುರುಳಿಲ್ಲ ಅಂತ ಹೇಳಲಿಕ್ಕಾಗುವುದಿಲ್ಲ. ಕಾಣದ ದೇವರನ್ನು ಹಲಗೆಗೆ ಇಳಿಸಿದರೆ ಜನ ಹಲಗೆಯನ್ನೇ ಹಿಡಿದುಕೊಂಡು ಕೂರ್ತಾರೆ, ದೇವರನ್ನು ಮರೀತಾರೆ ಎಂಬುದು ಅವರ ಹೆದರಿಕೆ. ಅಂಥ ಹೆದರಿಕೆ ನಮ್ಮ ವಚನಕಾರರಿಗೂ ಇತ್ತು.

ಅದಕ್ಕೆ ಉತ್ತರ ಕೊಟ್ಟವ ದಮಾಸ್ಕಸಿನ ಯೋಹಾನ. ಅವನು ಇದ್ದದ್ದು ಮುಸ್ಲಿಂ ಖಲೀಫರ ರಾಜ್ಯದಲ್ಲಿ, ಜೆರುಸಲೇಮಿನ ಹತ್ತಿರ. ಅದರಿಂದಾಗಿ ಚಕ್ರವರ್ತಿಯ ಕೈ ಅವನಿಗೆ ತಾಗಲಿಲ್ಲ. ಸಿನಾಯ್ ಮಠದ ಚಿತ್ರಗಳು ಉಳಿದದ್ದೂ ಹಾಗೇ, ಆ ಜಾಗ ಚಕ್ರವರ್ತಿಯ ಆಳ್ವಿಕೆಯ ಹೊರಗೆ ಇತ್ತು. ಯೋಹಾನನ ವಾದದ ಸಾರ ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ಹಿಂದೆ ದೇವರಿಗೆ ದೇಹ ಇರಲಿಲ್ಲ, ಆಗ ಚಿತ್ರ ಬರೆಯಲಿಕ್ಕೆ ಸಾಧ್ಯ ಇರಲಿಲ್ಲ. ಆದರೆ ದೇವರೇ ಮನುಷ್ಯನಾಗಿ ಬಂದು ಜನರ ನಡುವೆ ಓಡಾಡಿದ ಎಂದು ನಂಬಿದ ಮೇಲೆ, ಆ ಕಂಡ ರೂಪವನ್ನು ಬರೆಯಬಾರದು ಅಂದರೆ ಅವನು ಬಂದೇ ಇಲ್ಲ ಅಂದ ಹಾಗಾಯಿತು. ಮರಕ್ಕೂ ಬಣ್ಣಕ್ಕೂ ಪೂಜೆ ಅಲ್ಲ, ಮರವನ್ನು ಮಾಡಿದವನಿಗೆ.

787ರಲ್ಲಿ ಐರೀನ್ ರಾಣಿಯ ಕಾಲದಲ್ಲಿ ನಿಕೇಯಾ ಊರಿನಲ್ಲಿ ದೊಡ್ಡ ಸಭೆ ಕೂಡಿತು. ಆರಾಧನೆ ದೇವರಿಗೆ ಮಾತ್ರ, ಚಿತ್ರಕ್ಕೆ ಗೌರವ, ಆ ಗೌರವ ಚಿತ್ರದಲ್ಲಿ ಇರುವವನಿಗೆ ಹೋಗಿ ಮುಟ್ಟುತ್ತದೆ ಎಂದು ತೀರ್ಮಾನ. ದೂರದ ಊರಿನ ಮಗನ ಫೋಟೊವನ್ನು ತಾಯಿ ಸೆರಗಿನಲ್ಲಿ ಒರೆಸುವುದಿಲ್ಲವೇ? ಅವಳು ಒರೆಸುವುದು ಗಾಜನ್ನಲ್ಲ. 815ರಲ್ಲಿ ಮತ್ತೆ ನಿಷೇಧ ಬಂತು. ಕಡೆಗೆ 843ರಲ್ಲಿ ಥಿಯೊಡೋರಾ ರಾಣಿ ಚಿತ್ರಗಳನ್ನು ಮರಳಿ ಇಡಿಸಿದಳು. ಎರಡು ಸಲವೂ ಉಳಿಸಿದವರು ಹೆಂಗಸರು ಎಂಬುದನ್ನು ಗಮನಿಸಬೇಕು.

ಪಶ್ಚಿಮದಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರ ಮೊದಲೇ ಬಂದಿತ್ತು. 600ರ ಹೊತ್ತಿಗೆ ಮಾರ್ಸೆಲ್ಸ್ ಊರಿನ ಬಿಷಪರೊಬ್ಬರು ಚಿತ್ರಗಳನ್ನು ಒಡೆಸಿದಾಗ ಪೋಪ್ ಗ್ರೆಗರಿ ಅವರಿಗೆ ಕಾಗದ ಬರೆದರು. ಚಿತ್ರವನ್ನು ಪೂಜಿಸದಂತೆ ತಡೆದದ್ದು ಸರಿ, ಆದರೆ ಒಡೆದದ್ದು ಸರಿಯಲ್ಲ, ಅಕ್ಷರ ಬಾರದವರು ಗೋಡೆ ನೋಡಿಯೇ ಓದುತ್ತಾರೆ ಎಂಬುದು ಅದರ ತಾತ್ಪರ್ಯ. ವಾಚನಾಲಯಕ್ಕೆ ಬಂದು ಬರೇ ಚಿತ್ರ ನೋಡಿ ಹೋಗುವವರನ್ನು ನಾವು ಹೀಗಳೆಯಬಾರದು ಎಂದು ನನಗೆ ಇದರಿಂದ ಅನ್ನಿಸಿತು.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸರು ಇನ್ನೂ ಸುಲಭ ಮಾಡಿದರು. ಕ್ರಿಸ್ಮಸ್ ರಾತ್ರಿ ಒಂದು ಗೋದಲಿ, ಹುಲ್ಲು, ಎತ್ತು, ಕತ್ತೆ ತಂದು ನಿಲ್ಲಿಸಿದರು. ದೇವರು ಹುಟ್ಟಿದ್ದು ಹಟ್ಟಿಯಲ್ಲಿ ಅಂತ ಹಳ್ಳಿಯವರಿಗೆ ಮತ್ತೆ ವಿವರಿಸಬೇಕಾಗಿ ಬರಲಿಲ್ಲ. ಈಗ ನಮ್ಮ ಕ್ರಿಸ್ತುವರ ಅಂಗಳಗಳಲ್ಲಿ ಡಿಸೆಂಬರಿನಲ್ಲಿ ಬೈಹುಲ್ಲು ಹಾಕಿ ಗೋದಲಿ ಕಟ್ಟುವುದು ಅದೇ ಸಂಪ್ರದಾಯ.

ಕಣ್ಣು ಮಾತ್ರ ಸಾಲದು

ಆದರೆ ಚಿತ್ರ ಇದ್ದರೆ ಗುರುತು ಸಿಕ್ಕಿಯೇ ಬಿಡ್ತದಾ? ಸುವಾರ್ತೆಯೇ ಇಲ್ಲ ಅನ್ನುತ್ತದೆ. ಯೇಸು ಸತ್ತು ಎದ್ದ ಮೇಲೆ ಅವನನ್ನು ಚೆನ್ನಾಗಿ ಬಲ್ಲವರಿಗೂ ಗುರುತಾಗಲಿಲ್ಲ. ಮಗ್ದಲದ ಮರಿಯಳು ಅವನನ್ನು ತೋಟದವನು ಎಂದುಕೊಂಡಳು. ಹೆಸರು ಹಿಡಿದು ಕರೆದಾಗ ಮಾತ್ರ ತಿಳಿಯಿತು. ಇಬ್ಬರು ಶಿಷ್ಯರು ಎಮ್ಮಾವು ಎಂಬ ಊರಿಗೆ ದಾರಿಯುದ್ದಕ್ಕೂ ಅವನ ಜೊತೆಯೇ ನಡೆದರು, ಯಾರೋ ಪರವೂರಿನವ ಎಂದೇ ತಿಳಿದರು. ಕತ್ತಲಾಯಿತು, ನಮ್ಮಲ್ಲೇ ಉಳಿ ಎಂದು ಒತ್ತಾಯ ಮಾಡಿದರು. ಊಟಕ್ಕೆ ಕೂತು ಅವನು ರೊಟ್ಟಿ ಮುರಿದಾಗ ಕಣ್ಣು ತೆರೆಯಿತು. ತೆರೆದ ಕೂಡಲೆ ಅವನು ಮಾಯ.

ಈ ಕಥೆಯನ್ನು 1601ರಲ್ಲಿ ಇಟಲಿಯ ಕಾರವಾಜೊ ಎಂಬ ಚಿತ್ರಕಾರ ಬರೆದದ್ದು ಈಗ ಲಂಡನ್ನಿನಲ್ಲಿ ಉಂಟು. ಅದರಲ್ಲಿ ಯೇಸುವಿಗೆ ಗಡ್ಡವೇ ಇಲ್ಲ! ನಮಗೆ ಅಭ್ಯಾಸವಾದ ಮುಖ ಅಲ್ಲ. ಶಿಷ್ಯರಲ್ಲಿ ಒಬ್ಬ ಎರಡು ಕೈ ಚಾಚಿದ್ದಾನೆ, ಇನ್ನೊಬ್ಬ ಕುರ್ಚಿ ಹಿಡಿದು ಏಳುತ್ತಿದ್ದಾನೆ, ಅವನ ಅಂಗಿಯ ಮೊಣಕೈ ಹರಿದಿದೆ. ಪಕ್ಕದಲ್ಲಿ ಹೋಟೆಲಿನವ ನಿಂತಿದ್ದಾನೆ. ಅವನಿಗೂ ಅದೇ ಮುಖ, ಅದೇ ರೊಟ್ಟಿ ಕಾಣ್ತಾ ಉಂಟು. ಆದರೆ ಅವನಿಗೆ ಏನೂ ಗೊತ್ತಾಗಲಿಲ್ಲ. ಅವನ ಕಣ್ಣಿಗೆ ಬಂದವರು ಗಿರಾಕಿಗಳು. ಕಣ್ಣಿನ ಹಿಂದೆ ನೆನಪು, ಪ್ರೀತಿ, ನಂಬಿಕೆ ಇಲ್ಲದೆ ಹೋದರೆ ಎದುರಿಗೇ ಕೂತರೂ ಗುರುತಾಗುವುದಿಲ್ಲ ಎಂದು ಆ ಚಿತ್ರವೇ ಹೇಳುತ್ತದೆ. ಆಟದ ಕಥೆ ಗೊತ್ತಿಲ್ಲದವನಿಗೆ ಯಕ್ಷಗಾನ ಬರೇ ಬಣ್ಣ, ಗದ್ದಲ.

ನಮ್ಮ ಕಡಲ ಕರೆಗೆ ಬಂದಾಗ

ಈಗ ನಮ್ಮ ಹತ್ತಿರ ಬರೋಣ. 1579ರಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಗೋವೆಗೆ ಬಂದರು. ಹೊಸದಾಗಿ ಕ್ರಿಸ್ತುವರಾದವರಿಗೆ ಹಳೆಯ ಪುರಾಣದ ಹಾಡು ಬಿಟ್ಟುಹೋಗಿತ್ತು, ಅದರ ಜಾಗ ಖಾಲಿ ಇತ್ತು. ಸ್ಟೀಫನ್ಸರು ಕೊಂಕಣಿ ಬೆರೆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ, ‘ಕ್ರಿಸ್ತ ಪುರಾಣ’ ಕಟ್ಟಿದರು. ಹತ್ತು ಸಾವಿರಕ್ಕೂ ಮೇಲೆ ಓವಿ. 1616ರಲ್ಲಿ ಅಚ್ಚಾಯಿತು. ಆ ಹಳೆಯ ಅಚ್ಚಿನ ಪ್ರತಿಗಳು ಕೈಗೆ ಸಿಗದೆ ಹೋದವು. ಉಳಿದದ್ದು ಜನ ಕೈಯಲ್ಲಿ ಬರೆದಿಟ್ಟುಕೊಂಡು ಹಾಡಿದ ಪ್ರತಿಗಳು. ಅವುಗಳನ್ನು ನೋಡಿ 1907ರಲ್ಲಿ ಮಂಗಳೂರಿನಲ್ಲಿ ಮತ್ತೆ ಅಚ್ಚು ಹಾಕಿದರು. ಗೋಡೆಯ ಚಿತ್ರ ಕಣ್ಣಿಗೆ, ಪುರಾಣದ ಹಾಡು ಕಿವಿಗೆ. ನಾನು ಹಾಡುವವನಾದ್ದರಿಂದ ಹೇಳುತ್ತೇನೆ, ಕಿವಿಯ ಚಿತ್ರವನ್ನು ಒಡೆಯುವುದು ಕಷ್ಟ.

ಇದಕ್ಕೆ ಪರೀಕ್ಷೆಯೂ ಬಂತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಿಂದ ಕೆನರಾದ ಕ್ರಿಸ್ತುವರನ್ನು ಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಇಗರ್ಜಿಗಳು ಉರುಳಿದವು. ದಾರಿಯಲ್ಲಿ, ಸೆರೆಯಲ್ಲಿ ಬಹಳ ಜನ ಸತ್ತರು. ಆ ಕಾಲದ ಯುದ್ಧ, ರಾಜಕೀಯ ಏನೇ ಇರಲಿ, 1799ರಲ್ಲಿ ಉಳಿದವರು ತಿರುಗಿ ಬರುವವರೆಗೆ 15 ವರ್ಷ ಅವರಿಗೆ ಮೊದಲಿನ ಇಗರ್ಜಿ ಇಲ್ಲ, ಪೀಠ ಇಲ್ಲ, ಹಬ್ಬದ ಮೆರವಣಿಗೆ ಇಲ್ಲ. ಆದರೂ ಬಂದವರು ಕ್ರಿಸ್ತುವರಾಗಿಯೇ ಬಂದರು, ಬಿದ್ದ ಜಾಗದಲ್ಲಿ ಮತ್ತೆ ಕಟ್ಟಿದರು. ಚಿತ್ರ ಹೋದರೂ ಗುರುತು ಹೋಗಿರಲಿಲ್ಲ.

1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಇವರು ಪ್ರಾಟೆಸ್ಟಂಟರು. ಇವರ ಬಾಸೆಲ್ ಪಟ್ಟಣದಲ್ಲೇ 1529ರಲ್ಲಿ ಇಗರ್ಜಿಯ ಚಿತ್ರ, ಮೂರ್ತಿಗಳನ್ನು ಜನ ಒಡೆದು ಸುಟ್ಟಿದ್ದರು. ಇವರ ದೇವಾಲಯದಲ್ಲಿ ಗೋಡೆ ಬರಿದು. ಆದರೆ ಹಾಡು ಉಂಟು, ಅದೂ ಕನ್ನಡದ್ದು. ನಿಘಂಟು ಮಾಡಿದ ಕಿಟ್ಟೆಲರು 1862ರಲ್ಲಿ ಯೇಸುವಿನ ಕಥೆಯನ್ನು ‘ಕಥಾಮಾಲೆ’ ಎಂದು ಕನ್ನಡ ಪದ್ಯದಲ್ಲಿ ಹೇಳಿದರು.

ಇನ್ನೊಂದು ಗುಡ್ಡದಲ್ಲಿ ಇದಕ್ಕೆ ತದ್ವಿರುದ್ಧ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ, ಮಾಡು ಎಲ್ಲವನ್ನೂ ಅಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಬ್ರದರ್ 1900ರ ಆಸುಪಾಸಿನಲ್ಲಿ ಚಿತ್ರದಿಂದ ತುಂಬಿದರು. ಕೆಲವನ್ನು ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ, ಕೆಲವನ್ನು ಹಸಿ ಸುಣ್ಣದ ಗಾರೆಯ ಮೇಲೆ. ಈ ಎರಡನೆಯದರ ಕೆಲಸ ನಮ್ಮ ಬೇಸಾಯದ ಹಾಗೆ, ಹದ ತಪ್ಪಬಾರದು. ಗಾರೆ ಹಸಿ ಇರುವಾಗಲೇ ಬಣ್ಣ ಇಡಬೇಕು, ಒಣಗುವಾಗ ಸುಣ್ಣವೇ ಬಣ್ಣವನ್ನು ಕಚ್ಚಿ ಹಿಡಿದುಕೊಳ್ಳುತ್ತದೆ. ಇಷ್ಟು ಮಳೆಗಾಲ ಕಳೆದರೂ ಅವು ನಿಂತಿವೆ. 1956ರವರೆಗೆ ನಮಗೂ ಜಿಲ್ಲಾ ಕೇಂದ್ರ ಮಂಗಳೂರೇ ಆಗಿತ್ತು. ಕೋರ್ಟು ಕಚೇರಿಗೆ ಹೋದ ನಮ್ಮ ಹಿರಿಯರಲ್ಲಿ ಅದನ್ನು ನೋಡಿ ಬಂದವರು ಇದ್ದರು.

ಗೋವೆಯವರೇ ಆದ ಆಂಜೆಲೊ ಡ ಫೊನ್ಸೆಕ ಎಂಬ ಚಿತ್ರಕಾರ (1902-1967) ಶಾಂತಿನಿಕೇತನದಲ್ಲಿ ಕಲಿತು, ಮರಿಯಮ್ಮನಿಗೆ ಸೀರೆ ಉಡಿಸಿ ಬರೆದರು. ಇದು ನಮ್ಮ ಮಾತೆ ಅಲ್ಲ ಎಂದು ಸ್ವಂತ ಊರಿನಲ್ಲೇ ಆಕ್ಷೇಪ ಬಂತು. ಬಿಳಿ ಮುಖವೇ ನಿಜ ಎಂದು ಜನರಿಗೆ ಅಷ್ಟು ರೂಢಿಯಾಗಿತ್ತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕ್ರಿಸ್ತುವರು ಇಗರ್ಜಿಯಲ್ಲಿ ಹೊಸ ಭತ್ತದ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತಂದು ಉಣ್ಣುತ್ತಾರೆ. ಅದು ನಮ್ಮ ಮನೆ ತುಂಬಿಸುವ ಹಬ್ಬದ್ದೇ ತೆನೆ, ಇದೇ ಗದ್ದೆಯದ್ದು. ಅಲ್ಲಿ ಯಾರೂ ಆಕ್ಷೇಪ ಮಾಡಲಿಲ್ಲ.

ಚಿತ್ರ ಇಟ್ಟವರು, ಚಿತ್ರ ಒಡೆದವರು, ಹಾಡಿದವರು, ಇವರೆಲ್ಲರೂ ಒಪ್ಪುವ ಗುರುತು ಒಂದುಂಟು. ಹಸಿದವನಿಗೆ ಉಣಿಸಿದರೆ, ಬಟ್ಟೆ ಇಲ್ಲದವನಿಗೆ ಉಡಿಸಿದರೆ, ಸೆರೆಯಲ್ಲಿದ್ದವನನ್ನು ನೋಡಿದರೆ ಅದು ತನಗೇ ಮಾಡಿದ್ದು ಎಂದು ಯೇಸು ಹೇಳಿದ್ದಾಗಿ ಮತ್ತಾಯನ ಸುವಾರ್ತೆಯಲ್ಲಿ ಉಂಟು. 4ನೇ ಶತಮಾನದಲ್ಲಿ ಮಾರ್ಟಿನ್ ಎಂಬ ರೋಮನ್ ಸೈನಿಕನಿಗೆ ಈಗಿನ ಫ್ರಾನ್ಸಿನ ಆಮಿಯೆನ್ಸ್ ಊರಿನ ಬಾಗಿಲಲ್ಲಿ ಚಳಿಗೆ ನಡುಗುವ ಭಿಕ್ಷುಕ ಸಿಕ್ಕಿದ. ಅವನಲ್ಲಿ ಇದ್ದದ್ದು ಹೊದ್ದ ಕಂಬಳಿ ಒಂದೇ. ಕತ್ತಿಯಿಂದ ಎರಡು ತುಂಡು ಮಾಡಿ ಒಂದನ್ನು ಕೊಟ್ಟ. ನೋಡಿದವರು ಕೆಲವರು ನಕ್ಕರು. ಆ ರಾತ್ರಿ ಕನಸಿನಲ್ಲಿ ಕ್ರಿಸ್ತ ಬಂದ, ಮೈಮೇಲೆ ಅದೇ ಅರ್ಧ ಕಂಬಳಿ ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಆ ಭಿಕ್ಷುಕನ ಮುಖ ಹೇಗಿತ್ತು ಎಂದು ಅವರೂ ಬರೆಯಲಿಲ್ಲ.

ನಮ್ಮ ಶಾಲೆಯ ಮಾಸ್ತರರಲ್ಲಿ, ಟೀಚರುಗಳಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವಾಗ ಇಗರ್ಜಿ, ಮಸೀದಿ, ದೇವಸ್ಥಾನ ಮೂರನ್ನೂ ತೋರಿಸಿ. ಗೋಡೆಯ ಮೇಲೆ ಏನುಂಟು ಎಂದು ಮಾತ್ರ ಹೇಳಿ ಮುಗಿಸಬೇಡಿ. ಅದನ್ನು ನೋಡಿ ಅವರು ಯಾರನ್ನು ನೆನೆಯುತ್ತಾರೆ, ಚಿತ್ರ ಇಲ್ಲದ ಕಡೆ ಹೇಗೆ ನೆನೆಯುತ್ತಾರೆ ಎಂದೂ ಅಲ್ಲಿಯವರ ಬಾಯಿಂದಲೇ ಕೇಳಿಸಿ. ನೆರೆಯವನ ದೇವರು ಯಾವುದರಿಂದ ಅವನಿಗೆ ಗುರುತಾಗುತ್ತಾನೆ ಎಂದು ತಿಳಿದ ಮಗು ಅದನ್ನು ಒಡೆಯಲಿಕ್ಕೆ ಕಲ್ಲು ಎತ್ತುವುದಿಲ್ಲ.